ಹತ್ತಿರದ್ದೆಲ್ಲ ಆಸಕ್ತಿ ಹುಟ್ಟಿಸುವುದೇ?

ಶಾಲಾ ವಿಜ್ಞಾನ ಹದಿಹರೆಯದವರಿಗೆ ರುಚಿಸಬೇಕಾದರೆ ಪಾಠವು ಅವರ ಸುತ್ತಲಿನ ಪರಿಸರದಿಂದಲೇ ಆರಂಭವಾಗಬೇಕು ಎಂಬ ಮಾತನ್ನು ನಾವು ಶಿಕ್ಷಕರು ಬಹುಕಾಲದಿಂದ ಕೇಳುತ್ತಾ ಬಂದಿದ್ದೇವೆ. ಈ ನಂಬಿಕೆಯನ್ನು ಒರೆಗೆ ಹಚ್ಚಲು 'ರೋಸ್' ಸಮೀಕ್ಷೆ ಇಂದಿಗೂ ಉಪಯುಕ್ತ.

ನಾರ್ವೆಯ ಓಸ್ಲೋ ವಿಶ್ವವಿದ್ಯಾಲಯದ ಸ್ವೈನ್ ಷೋಬರ್ಗ್ ಮತ್ತು ಕ್ಯಾಮಿಲಾ ಶ್ರೈನರ್ ಅವರ ನೇತೃತ್ವದಲ್ಲಿ, 2000ದ ದಶಕದಲ್ಲಿ ಸುಮಾರು 40 ದೇಶಗಳಲ್ಲಿ ಇದು ನಡೆಯಿತು. 15 ವರ್ಷ ವಯಸ್ಸಿನವರ ತಿಳಿವಳಿಕೆಯನ್ನು ಇದು ಪರೀಕ್ಷಿಸಲಿಲ್ಲ. ನೂರಕ್ಕೂ ಹೆಚ್ಚು ವಿಷಯಗಳನ್ನು ಮುಂದಿಟ್ಟು, ಯಾವುದನ್ನು ಕಲಿಯಲು ಇಷ್ಟ ಎಂದು ಕೇಳಿತು.

ಉಗಾಂಡ, ಘಾನ, ಬಾಂಗ್ಲಾದೇಶಗಳ ಮಕ್ಕಳು ಹೆಚ್ಚಿನ ವಿಷಯಗಳಲ್ಲಿ ಆಸಕ್ತಿ ತೋರಿದರು. ನಾರ್ವೆ, ಜಪಾನ್‌ಗಳ ಮಕ್ಕಳ ಆಸಕ್ತಿ ತೀರ ಕಡಿಮೆ. ದೇಶ ಮುಂದುವರಿದಷ್ಟೂ ವಿಜ್ಞಾನಿಯಾಗುವ ಹಂಬಲ ಕುಗ್ಗಿತ್ತು. ಇದನ್ನು ನೋಡಿ ನಮ್ಮಂಥ ದೇಶಗಳಲ್ಲಿ ಸಮಸ್ಯೆಯೇ ಇಲ್ಲವೆಂದುಕೊಂಡರೆ ತಪ್ಪಾದೀತು. ಓದು ಬದುಕಿನ ಏಣಿಯಾಗಿರುವಲ್ಲಿ ಮಗು ಎಲ್ಲಕ್ಕೂ 'ಇಷ್ಟ' ಎನ್ನಬಹುದು. ಅದು ನಮ್ಮ ಪಾಠಕ್ಕೆ ದೊರೆತ ಪ್ರಶಂಸೆಯಲ್ಲ. ಅಲ್ಲದೆ, 'ತುಂಬ ಇಷ್ಟ' ಎಂಬ ಗುರುತಿಗೆ ಎಲ್ಲ ಸಂಸ್ಕೃತಿಗಳಲ್ಲೂ ಒಂದೇ ತೂಕವಿರುವುದಿಲ್ಲ. ಆದ್ದರಿಂದ ದೇಶದೇಶಗಳ ಸರಾಸರಿಗಳನ್ನು ಹೋಲಿಸುವುದಕ್ಕಿಂತ, ಒಂದು ದೇಶದೊಳಗೆ ಯಾವ ವಿಷಯ ಮೇಲಿದೆ, ಯಾವುದು ಕೆಳಗಿದೆ ಎಂದು ನೋಡುವುದು ಲೇಸು.

ಇಂಗ್ಲೆಂಡಿನ ಪಟ್ಟಿಯನ್ನೇ ನೋಡಿ. ಹುಡುಗರಿಗೆ ಸ್ಫೋಟಕಗಳು, ತೂಕರಾಹಿತ್ಯ, ಕಪ್ಪು ಕುಳಿ ಇಷ್ಟ. ಹುಡುಗಿಯರಿಗೆ ಕನಸು, ಕ್ಯಾನ್ಸರ್, ಪ್ರಥಮ ಚಿಕಿತ್ಸೆ. 'ನನ್ನ ಪ್ರದೇಶದ ಸಸ್ಯಗಳು' ಇಬ್ಬರ ಪಟ್ಟಿಯಲ್ಲೂ ತಳದಲ್ಲಿತ್ತು! ಈ ಪಟ್ಟಿಯನ್ನು ನಮ್ಮ ಮಕ್ಕಳಿಗೆ ಹಾಗೆಯೇ ಅನ್ವಯಿಸಲಾಗದು. ಆದರೆ ಹತ್ತಿರವಿರುವುದೆಲ್ಲ ತಾನಾಗಿಯೇ ಆಸಕ್ತಿ ಹುಟ್ಟಿಸುತ್ತದೆ ಎಂಬುದು ಸಾರ್ವತ್ರಿಕ ನಿಯಮವಲ್ಲವೆಂದು ತೋರಿಸಲು ಇದು ಸಾಕು.

ಸಮೀಕ್ಷೆಗೂ ಒಂದು ಮಿತಿಯಿದೆ. ಅದು ಇರುವ ಆಸಕ್ತಿಯನ್ನು ಅಳೆಯಿತೇ ಹೊರತು, ಒಳ್ಳೆಯ ಪಾಠದಿಂದ ಹುಟ್ಟಬಹುದಾದ ಆಸಕ್ತಿಯನ್ನಲ್ಲ. ಆ ಕೆಲಸ ಶಿಕ್ಷಕರದು. ವಸ್ತು ಹತ್ತಿರದ್ದಿರಲಿ, ಪ್ರಶ್ನೆ ದೂರಕ್ಕೆ ಒಯ್ಯಲಿ.

ಒಂದು ಉದಾಹರಣೆ: ಪ್ಲಾಸ್ಟಿಕ್ ಬಾಟಲಿಯ ಬುಡದ ಬಳಿ ತೂತು ಮಾಡಿ, ನೀರು ತುಂಬಿ, ಮುಚ್ಚಳ ತೆಗೆದು ಹಿಡಿಯಿರಿ. ನೀರು ಚಿಮ್ಮುತ್ತದೆ. ಬಾಟಲಿಯನ್ನು ಎತ್ತರದಿಂದ ಕೈಬಿಡಿ. ಬೀಳುತ್ತಿರುವಷ್ಟು ಹೊತ್ತು ನೀರು ಹೊರಬರುವುದಿಲ್ಲ. ಆ ಕ್ಷಣ ಗುರುತ್ವ ಮಾಯವಾಯಿತೇ? ಇಲ್ಲ, ನೀರೂ ಬಾಟಲಿಯೂ ಒಟ್ಟಿಗೆ ಬೀಳುತ್ತಿರುವುದರಿಂದ ನೀರನ್ನು ಹೊರದೂಡುವ ಒತ್ತಡ ಇಲ್ಲವಾಗುತ್ತದೆ. ಸುಮಾರು 400 ಕಿ.ಮೀ. ಎತ್ತರದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲೂ ಗುರುತ್ವ ನೆಲದ ಮೇಲಿರುವುದರ ಸುಮಾರು ಶೇ. 90ರಷ್ಟಿದೆ. ಅದರೊಳಗಿನವರು ತೇಲುವುದು ನಿಲ್ದಾಣದೊಂದಿಗೆ ಸತತವಾಗಿ ಬೀಳುತ್ತಿರುವುದರಿಂದ.

ಮುಕ್ತ ಪತನದ ಪಾಠವನ್ನು ಸೂತ್ರದಿಂದ ಆರಂಭಿಸುವ ಮೊದಲು ಈ ಬಾಟಲಿಯನ್ನು ಬೀಳಿಸಿ ನೋಡಿ. ಪಾಠಕ್ಕೆ ಮುನ್ನ ಪ್ರತಿ ವಿದ್ಯಾರ್ಥಿಯಿಂದ ಹೆಸರಿಲ್ಲದ ಚೀಟಿಯಲ್ಲಿ ಒಂದೊಂದು ಪ್ರಶ್ನೆ ಬರೆಸಿಕೊಳ್ಳಿ. ನಮ್ಮ ಮಕ್ಕಳ ಆಸಕ್ತಿಯ ಪಟ್ಟಿ ನಮ್ಮ ತರಗತಿಯಲ್ಲೇ ಸಿದ್ಧವಾಗಬೇಕು.