ಸಾವಿನ ಮನೆಯಿಂದ ಹೊರಟ ಹುಡುಗ

ತಾಯಿ ತೀರಿಕೊಂಡ ಸುದ್ದಿ ಕಿವಿಗೆ ಬಿದ್ದ ಗಳಿಗೆಯಲ್ಲಿ ಮಗನಿಗೆ ಮೊದಲು ಅನ್ನಿಸುವುದು ಬಿಡುಗಡೆ, ದುಃಖ ಆಮೇಲೆ. ವಿಭೂತಿಭೂಷಣ ಬಂದ್ಯೋಪಾಧ್ಯಾಯರ ‘ಅಪರಾಜಿತೋ’ ಕಾದಂಬರಿಯ (1932) ಈ ಒಂದು ಎಳೆಯೇ ಸತ್ಯಜಿತ್ ರಾಯ್ ಅವರನ್ನು ಬಲವಾಗಿ ಹಿಡಿದದ್ದು. 1956ರಲ್ಲಿ ಅವರು ಅದೇ ಹೆಸರಿನ ಸಿನಿಮಾ ಮಾಡಿದಾಗ ಕಲ್ಕತ್ತೆಯ ಪ್ರೇಕ್ಷಕರು ಒಪ್ಪಲಿಲ್ಲ. ತಾಯಿ-ಮಗನ ನಡುವೆ ಹೀಗೂ ಇರುತ್ತದೆಯೆ ಎಂಬುದೇ ಅವರ ಆಕ್ಷೇಪವಾಗಿತ್ತು. ತಾಯಿ ಸೆಂಟಿಮೆಂಟಿನ ಸಿನಿಮಾಗಳನ್ನು ನೋಡಿಯೇ ಬೆಳೆದ ಕನ್ನಡದ ನಮಗೂ ಅದು ಸುಲಭಕ್ಕೆ ಗಂಟಲಲ್ಲಿ ಇಳಿಯುವಂಥದ್ದಲ್ಲ. ನನ್ನ ಮಟ್ಟಿಗೆ, ಅಪು ಎಂಬ ಹುಡುಗನ ಕತೆ ಹೇಳುವ ರಾಯ್ ಅವರ ಅಪು ತ್ರಿವಳಿಯಲ್ಲಿ ಎಲ್ಲಕ್ಕಿಂತ ದಿಟವಾದ ಸಿನಿಮಾ ಇದೇ.

ಈ ಮನೆಗೆ ಸಾವು ಹೊಸದಲ್ಲ. ತ್ರಿವಳಿಯ ಮೊದಲ ಸಿನಿಮಾ ‘ಪಥೇರ್ ಪಾಂಚಾಲಿ’ಯಲ್ಲಿ ಅಪುವಿನ ಅಕ್ಕ ದುರ್ಗಾ ತೀರಿಕೊಂಡಿದ್ದಾಳೆ; ಊರು ಬಿಟ್ಟ ಸಂಸಾರ ಕಾಶಿಗೆ ಬಂದಿದೆ. ಅಪ್ಪ ಹರಿಹರ ಘಾಟಿನಲ್ಲಿ ಪುರಾಣ ಹೇಳಿ ನಾಲ್ಕು ಕಾಸು ಸಂಪಾದಿಸುತ್ತಾನೆ. ಜ್ವರಕ್ಕೆ ಬಿದ್ದ ಅವನ ಕೊನೆಗಾಲದಲ್ಲಿ ತಾಯಿ ಸರ್ವಜಯಾ ಮಗನನ್ನು ಎಬ್ಬಿಸಿ ಗಂಗಾಜಲ ತರಲು ಕಳಿಸುತ್ತಾಳೆ. ನಿದ್ದೆಗಣ್ಣಿನ ಹುಡುಗ ಖಾಲಿ ಗಲ್ಲಿಗಳಲ್ಲಿ ಓಡಿಹೋಗಿ ನೀರು ತರುತ್ತಾನೆ. ಆ ನೀರು ಗಂಟಲಿಗಿಳಿದು ತಲೆ ಹಿಂದಕ್ಕೆ ಬಿದ್ದೊಡನೆ ಪಾರಿವಾಳಗಳ ಹಿಂಡು ಒಮ್ಮೆಗೇ ಆಕಾಶಕ್ಕೇಳುತ್ತದೆ. ಎಲ್ಲರೂ ಹೊಗಳುವುದು ಆ ಪಾರಿವಾಳಗಳನ್ನು. ನನ್ನನ್ನು ಕಾಡುವುದು ಅಪ್ಪ ಸಾಯುತ್ತಿದ್ದಾನೆಂದು ಬಾಯಿಬಿಟ್ಟು ಹೇಳದೆಯೇ ಹುಡುಗನ ಕೈಗೆ ಬಂದ ಆ ಕೆಲಸ.

ಕಾಶಿಯ ಆ ಮನೆ ಸ್ಟುಡಿಯೋದಲ್ಲಿ ಕಟ್ಟಿದ ಸೆಟ್ ಎಂದು ಗೊತ್ತಿದ್ದರೂ ನಂಬಲಾಗುವುದಿಲ್ಲ. ಛಾಯಾಗ್ರಾಹಕ ಸುಬ್ರತ ಮಿತ್ರ ಮೇಲೆ ಬಿಳಿ ಬಟ್ಟೆ ಹರಡಿ, ದೀಪದ ಬೆಳಕನ್ನು ಅದಕ್ಕೆ ಬಡಿಸಿ ಕೆಳಗಿಳಿಸಿದರು. ತೊಟ್ಟಿಯ ಆಕಾಶದಿಂದ ಬರುವ, ನೆರಳಿಲ್ಲದ ಬೆಳಕು ಹಾಗೆ ಹುಟ್ಟಿತು.

ಗಂಡ ಹೋದ ಮೇಲೆ ಸರ್ವಜಯಾ ಶ್ರೀಮಂತರ ಮನೆಯಲ್ಲಿ ಅಡುಗೆಗೆ ನಿಲ್ಲುತ್ತಾಳೆ. ಅಲ್ಲಿ ಮಗ ಯಜಮಾನನ ಚಾಕರಿಗೆ ನಿಂತದ್ದು ಕಣ್ಣಿಗೆ ಬೀಳುತ್ತಲೇ, ಒಂದು ಮಾತೂ ಆಡದೆ ಹೊರಡಲು ನಿರ್ಧರಿಸುತ್ತಾಳೆ. ಸರ್ವಜಯಾ ಪಾತ್ರದ ಕರುಣಾ ಬ್ಯಾನರ್ಜಿ ಅವರ ಮುಖದಲ್ಲಿ ಆ ನಿರ್ಧಾರ ಕೂಡುವುದನ್ನು ನೋಡಬೇಕು. ವೃದ್ಧ ಬಂಧುವಿನ ಆಸರೆಯಲ್ಲಿ ಹಳ್ಳಿ ಸೇರಿದ ಮೇಲೆ ಮಗ ಪೌರೋಹಿತ್ಯ ಕಲಿತರೆ ಸಾಕು, ಅವಳ ಬದುಕು ದಡ ಸೇರಿದಂತೆ. ಆದರೆ ಹುಡುಗನಿಗೆ ಶಾಲೆ ಬೇಕು. ಗ್ರಹಣ ಹೇಗಾಗುತ್ತದೆಂದು ಅಮ್ಮನಿಗೆ ಉತ್ಸಾಹದಿಂದ ವಿವರಿಸುತ್ತಾನೆ; ಅವಳು ಸಂತೋಷದಿಂದಲೇ ಕೇಳುತ್ತಾಳೆ. ತಾನು ಹೋಗಲಾಗದ ಕಡೆಗೆ ಮಗನ ಮನಸ್ಸು ಹೊರಟಿದೆಯೆಂದು ಅವಳಿಗೆ ತಿಳಿಯುವುದು ಅವನು ಕಲ್ಕತ್ತೆಗೆ ಓದಲು ಹೋಗುತ್ತೇನೆ ಅಂದಾಗ. ಪೂಜೆ ಮಾಡಿಕೊಂಡು ಇರು ಎನ್ನುತ್ತಾಳೆ, ಆಗುವುದಿಲ್ಲ ಎನ್ನುತ್ತಾನೆ. ಕೆನ್ನೆಗೆ ಹೊಡೆದೇ ಬಿಡುತ್ತಾಳೆ. ಸ್ವಲ್ಪ ಹೊತ್ತಿಗೆ ತಾನೇ ಹೋಗಿ ರಮಿಸಿ, ಕೂಡಿಟ್ಟ ದುಡ್ಡು ತೆಗೆದುಕೊಡುತ್ತಾಳೆ. ಹೊಡೆದ ಕೈ, ಕೊಟ್ಟ ಕೈ ಎರಡರಲ್ಲೂ ಇರುವುದು ಒಂದೇ ಭಯ. ಗಂಡ, ಮಗಳು ಇಬ್ಬರನ್ನೂ ಕಳೆದುಕೊಂಡವಳಿಗೆ ಮೂರನೆಯವನು ರೈಲು ಹತ್ತುವುದೂ ಸಾವಿನಷ್ಟೇ ದೊಡ್ಡ ಅಗಲಿಕೆ.

ರಜೆಗೆ ಬಂದ ಮಗನ ಪಕ್ಕ ಕೂತು ಅವಳು ಒಂದು ರಾತ್ರಿ ಕೇಳುತ್ತಾಳೆ: ನನಗೇನಾದರೂ ಕಾಯಿಲೆ ಬಿದ್ದರೆ ನಿನ್ನ ದುಡಿಮೆಯಲ್ಲಿ ಔಷಧೋಪಚಾರ ಮಾಡಿಸುತ್ತೀಯಾ? ಉತ್ತರವಿಲ್ಲ, ಹುಡುಗನಿಗೆ ನಿದ್ದೆ ಬಂದಿದೆ. ರಾತ್ರಿ ಪ್ರೆಸ್ಸಿನಲ್ಲಿ ದುಡಿದು ಹಗಲು ಕಾಲೇಜಿಗೆ ಹೋಗುವವನ ದಣಿವು ಅದು, ಕಲ್ಲೆದೆಯಲ್ಲ. ರಾಯ್ ಇಲ್ಲಿ ಯಾರ ಕಡೆಗೂ ವಾಲುವುದಿಲ್ಲ. ಅದೇ ಹುಡುಗ ಸ್ಟೇಷನ್ನಿನವರೆಗೆ ಹೋಗಿ, ರೈಲು ಎದುರಿಗೆ ಬಂದು ನಿಂತರೂ ಹತ್ತದೆ ಮನೆಗೆ ಮರಳಿ, ರೈಲು ತಪ್ಪಿತು ಎಂದು ಸುಳ್ಳು ಹೇಳುತ್ತಾನೆ. ಆ ಒಂದು ಸುಳ್ಳಿನಲ್ಲಿರುವ ಪ್ರೀತಿ ನೂರು ಪತ್ರಗಳಲ್ಲಿ ಇರಲಾರದು. ಆದರೂ ಅದು ಒಂದು ದಿನದ್ದು. ಮರುದಿನ ಅವನು ಹೋಗಲೇಬೇಕು. ದುಃಖ ಉಳಿದವರನ್ನು ಒಟ್ಟುಗೂಡಿಸುತ್ತದೆಂದು ನಾವು ನಂಬಿದ್ದೇವೆ. ಈ ಮನೆಯಲ್ಲಿ ಅದೇ ದುಃಖ ತಾಯಿಯ ಹಿಡಿತವನ್ನು ಬಿಗಿ ಮಾಡಿದೆ, ಬಿಗಿದಷ್ಟೂ ಮಗ ಜಾರಿದ್ದಾನೆ. ಇದನ್ನು ಯಾರ ತಪ್ಪೆಂದೂ ತೋರಿಸದಿರುವುದು ಚಿತ್ರಕಥೆಯ ದೊಡ್ಡ ಗೆಲುವು.

ಕಾಯಿಲೆ ಬಿದ್ದ ಸರ್ವಜಯಾ, ಪರೀಕ್ಷೆಗೆ ತೊಂದರೆಯಾದೀತೆಂದು ಮಗನಿಗೆ ತಿಳಿಸುವುದೇ ಇಲ್ಲ. ಅವನು ಬಂದು ತಲುಪುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಮರದ ಕೆಳಗೆ ಕೂತು ಮನಸಾರೆ ಅಳುತ್ತಾನೆ. ಊರಲ್ಲೇ ನಿಂತು ಕರ್ಮ ಮುಗಿಸು ಎಂದು ಆ ವೃದ್ಧ ಬಂಧು ಹೇಳಿದರೆ, ಕಾಳಿಘಾಟಿನಲ್ಲಿ ಮಾಡುತ್ತೇನೆ, ಪರೀಕ್ಷೆಯಿದೆ ಎನ್ನುತ್ತಾನೆ. ತಪ್ಪಿತಸ್ಥ ಭಾವದಿಂದ ಕುಸಿದ ಮಗ ಊರಲ್ಲೇ ಉಳಿದಿದ್ದರೆ ಪ್ರೇಕ್ಷಕರಿಗೆ ಸಮಾಧಾನವಾಗುತ್ತಿತ್ತು. ರಾಯ್ ಅವನನ್ನು ಶಿಕ್ಷಿಸಲಿಲ್ಲ, ಕ್ಷಮಿಸುವ ಉಸಾಬರಿಗೂ ಹೋಗಲಿಲ್ಲ. ಗಂಟು ಹೊರಿಸಿ ನಡೆಸಿಬಿಟ್ಟರು.

ನನ್ನ ತಕರಾರಿರುವುದು ಕಲ್ಕತ್ತೆಯ ಭಾಗದ ಬಗ್ಗೆ. ತಾಯಿಯ ಒಂಟಿತನಕ್ಕೆ ಕೊಳ, ಮರ, ದೂರದಲ್ಲಿ ಹಾದುಹೋಗುವ ರೈಲು, ಮುಸ್ಸಂಜೆ ಎಲ್ಲವೂ ಒದಗಿವೆ. ಮಗನನ್ನು ಸೆಳೆದ ನಗರಕ್ಕೆ ಸಿಕ್ಕಿರುವುದು ಪ್ರೆಸ್ಸು, ಕ್ಲಾಸಿನಲ್ಲಿ ತೂಕಡಿಕೆ, ಒಬ್ಬ ಗೆಳೆಯ. ಕಾದಂಬರಿಯಲ್ಲಿದ್ದ ಲೀಲಾ ಎಂಬ ಹುಡುಗಿಯ ಪಾತ್ರವನ್ನು ನಟಿ ದಕ್ಕದೆ ಕೈಬಿಡಬೇಕಾಯಿತು. ಆ ಕೊರತೆ ರಾಯ್ ಅವರನ್ನೂ ಕಾಡಿತ್ತು. ಅವಳಿದ್ದಿದ್ದರೆ ಅಪುವಿನ ಹೊಸ ಬದುಕಿನ ರುಚಿ ನಮಗೂ ತಗಲುತ್ತಿತ್ತು. ಈಗ ಅವನು ಬಿಟ್ಟುಬಂದದ್ದು ಕಣ್ಣಿಗೆ ಕಟ್ಟುತ್ತದೆ, ಪಡೆದದ್ದು ಕಟ್ಟುವುದಿಲ್ಲ. ಸಹಜವಾಗಿಯೇ ನೋಡುವವರ ಮನಸ್ಸು ಸರ್ವಜಯಾಳ ಕಡೆ ಸರಿಯುತ್ತದೆ, ಮಗ ನಿಷ್ಕರುಣಿಯಂತೆ ಕಾಣುತ್ತಾನೆ. 1957ರಲ್ಲಿ ವೆನಿಸ್‌ನಲ್ಲಿ ಗೋಲ್ಡನ್ ಲಯನ್ ಗೆದ್ದ ಈ ಸಿನಿಮಾವನ್ನು ಊರಿನವರೇ ದೂರವಿಟ್ಟದ್ದಕ್ಕೆ ಅವರ ಸಂಪ್ರದಾಯವನ್ನಷ್ಟೇ ದೂರಿದರೆ ಸಾಲದು. ಆ ತೆಳ್ಳಗಿನ ಕಲ್ಕತ್ತೆಗೂ ಅದರಲ್ಲಿ ಪಾಲಿದೆ.