ಡಾಕ್ಟರ್ ಬೇಡ ಅಂದ ಮೇಲಿನ ಪಂಕ್

ಹಳೇ ಬ್ಯಾಂಡು ವಾಪಸ್ ಬರ್ತಿದೆ ಅಂದ್ರೆ ನನಗೆ ಖುಷಿಗಿಂತ ಮುಂಚೆ ಭಯ ಆಗುತ್ತೆ. ಅದರಲ್ಲೂ ಪಂಕ್ ಬ್ಯಾಂಡು. ಐವತ್ತು ದಾಟಿದ ಗಂಡಸರು ಇಪ್ಪತ್ತರ ಸಿಟ್ಟನ್ನು ಹಳೇ ಅಂಗಿಯಂತೆ ಎಳೆದು ತೊಟ್ಟುಕೊಂಡರೆ ನೋಡೋಕಾಗಲ್ಲ. ಕ್ಯಾಲಿಫೋರ್ನಿಯಾದ ಡಿಸೆಂಡೆಂಟ್ಸ್ 2016ರಲ್ಲಿ ತಂದ 'ಹೈಪರ್‌ಕೆಫಿಯಮ್ ಸ್ಪಾಜಿನೇಟ್' ಆಲ್ಬಮ್ಮನ್ನೂ ಹಾಗೇ ಅಳುಕುತ್ತಲೇ ಶುರು ಮಾಡಿದೆ. ಅದಕ್ಕೆ ಹಿಂದಿನದು ಬಂದಿದ್ದು 2004ರಲ್ಲಿ. ನಡುವೆ ಹನ್ನೆರಡು ವರ್ಷ.

ಬಿಟ್ಟುಹೋಗೋದು, ವಾಪಸ್ ಬರೋದು ಇವರಿಗೆ ಹೊಸದೇನಲ್ಲ ಬಿಡಿ. ಗಾಯಕ ಮೈಲೋ ಆಕರ್‌ಮನ್ ಓದೋಕೆ ಹೊರಟಾಗ ಆ ಸುದ್ದಿಯನ್ನೇ 'ಮೈಲೋ ಗೋಸ್ ಟು ಕಾಲೇಜ್' ಅಂತ ಆಲ್ಬಮ್ಮಿನ ಹೆಸರಾಗಿಸಿದವರು ಇವರು, ಅದು 1982. ಆಸಾಮಿ ನಿಜಕ್ಕೂ ಓದಿದ. ಪಿಎಚ್‌ಡಿ ಮಾಡಿ, ಡ್ಯುಪಾಂಟ್ ಕಂಪನಿಯಲ್ಲಿ ವರ್ಷಗಟ್ಟಲೆ ಸಸ್ಯಗಳ ಮೇಲೆ ಸಂಶೋಧನೆ ಮಾಡಿಕೊಂಡಿದ್ದ. ಗಿಟಾರ್ ಅಟ್ಟಕ್ಕೆ ಹಾಕಿ ಲ್ಯಾಪ್‌ಟಾಪ್ ಹಿಡಿದ ನಮ್ಮಂಥವರಿಗೆ ಈ ಬ್ಯಾಂಡಿನ ಮೇಲೆ ಯಾಕೆ ಮೋಹ ಅಂತ ಬೇರೆ ಹೇಳಬೇಕಾ?

1981ರಲ್ಲಿ ಇವರು 'ಐ ಲೈಕ್ ಫುಡ್' ಅಂತ ಒಂದು ಹಾಡು ಮಾಡಿದ್ದರು. ಇಪ್ಪತ್ತು ಸೆಕೆಂಡೂ ಇಲ್ಲದ, ತಿನ್ನೋ ಆಸೆಯ ಬರೀ ಕೂಗಾಟ. ಈ ಆಲ್ಬಮ್ಮಿನಲ್ಲಿ 'ನೋ ಫ್ಯಾಟ್ ಬರ್ಗರ್' ಇದೆ. ಅದೇ ವೇಗ, ಅದೇ ಹೊಟ್ಟೆಬಾಕತನ, ಆದರೆ ಈಗ ಡಾಕ್ಟರ್ ಬೇಡ ಅಂದಿದ್ದಾರೆ. ಒಂದು ನಿಮಿಷದೊಳಗೆ ಮುಗಿದೇಹೋಗುತ್ತೆ. ಜೋಕೇ ಸರಿ, ಆದರೆ ಡ್ರಮ್ಮರ್ ಬಿಲ್ ಸ್ಟೀವನ್ಸನ್ ಈ ಮಧ್ಯೆ ಮಿದುಳಿನ ಗಡ್ಡೆ ತೆಗೆಸಿಕೊಂಡು ಬದುಕಿ ಬಂದವನು ಅಂತ ಗೊತ್ತಿದ್ದರೆ ನಗು ಅರ್ಧಕ್ಕೇ ನಿಲ್ಲುತ್ತೆ.

ನನ್ನನ್ನು ಕಾಡಿದ್ದು 'ಲಿಮಿಟರ್'. ಮಗುವಿನ ಚಡಪಡಿಕೆ ಹಿಡಿತಕ್ಕೆ ತರೋಕೆ ಮಾತ್ರೆ ಕೊಡಬೇಕಾಗಿ ಬಂದ ಅಪ್ಪನ ಸಂಕಟ ಅದು. ಜೀವಮಾನವಿಡೀ ಕಾಫಿ ಕುಡಿದು ಕುಣಿಯೋದನ್ನೇ ಹಾಡಿಕೊಂಡು ಬಂದ ಬ್ಯಾಂಡಿದು. 1996ರ ಆಲ್ಬಮ್ಮಿನಲ್ಲಿ 'ಕಾಫಿ ಮಗ್' ಅಂತಲೇ ಹಾಡಿದೆ. ಚಡಪಡಿಕೆಯೇ ಇವರ ಬಂಡವಾಳ. ಈಗ ಅದೇ ಚಡಪಡಿಕೆ ಮಗುವಿನಲ್ಲಿ ಕಂಡಾಗ ಅದಕ್ಕೊಂದು ಗುಳಿಗೆ. ಈ ಹಾಡು ಕೇಳಿದ ಮೇಲೆ, ಯಾವುದೋ ಔಷಧಿ ಹೆಸರಿನಂತಿರೋ ಆಲ್ಬಮ್ಮಿನ ಶೀರ್ಷಿಕೆ ತಮಾಷೆ ಅನ್ನಿಸೋದು ನಿಂತುಹೋಯ್ತು. ಸಿಟ್ಟಿದೆ, ಆದರೆ ಇದು ಎರವಲು ತಂದ ಇಪ್ಪತ್ತರ ಸಿಟ್ಟಲ್ಲ; ಅಪ್ಪನಾದ ಮೇಲಷ್ಟೇ ಬರುವಂಥದ್ದು.

ತಕರಾರೂ ಇದೆ. ರೆಕಾರ್ಡಿಂಗ್ ಇಸ್ತ್ರಿ ಹಾಕಿದಷ್ಟು ನೀಟು. 1982ರ ಆಲ್ಬಮ್ಮು ಈಗ ಬಿದ್ದುಹೋಗುತ್ತೇನೋ ಅನ್ನೋ ಹಾಗೆ ಓಡುತ್ತಿತ್ತು. ಇಲ್ಲಿ ಯಾರೂ ಎಡವಲ್ಲ. ಹದಿನಾರು ಹಾಡುಗಳಲ್ಲಿ ಮಧ್ಯದ ಮೂರ್ನಾಲ್ಕು ಒಂದರೊಳಗೊಂದು ಕಲಸಿಹೋಗಿವೆ. ಕೊನೆಯ 'ಬಿಯಾಂಡ್ ದಿ ಮ್ಯೂಸಿಕ್' ಗೆಳೆತನದ ಬಗ್ಗೆ ಇದೆ, ನನಗೆ ಸಕ್ಕರೆ ಜಾಸ್ತಿಯಾಯ್ತು. ಅದು ಬರೋ ಹೊತ್ತಿಗೆ ನಾನು ಮತ್ತೆ 'ಲಿಮಿಟರ್'ಗೆ ವಾಪಸ್ ಹೋಗಿರ್ತೀನಿ.