ಅರಗಿನ ಹೊಳಪು ಬೇರಿಂಗಿನಲ್ಲಿದೆ

ಹಳೆಯ ಲೇತಿನಲ್ಲಿ ಕಡೆದ ಮರದ ಆಟಿಕೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಅರಗಿನ ಮೈಮೇಲೆ ಒಂದೇ ಅಂತರದಲ್ಲಿ ನವುರಾದ ಅಲೆಗಳು ಕಂಡರೆ ಬಹಳ ಮಂದಿ ಮೊದಲು ಉಳಿ ಮಸೆಯಲು ಹೊರಡುತ್ತಾರೆ, ಇಲ್ಲವೇ ಮರ ಸರಿಯಾಗಿ ಒಣಗಿರಲಿಲ್ಲ ಎನ್ನುತ್ತಾರೆ. ಉಳಿ ಮಸೆದು, ಮರವನ್ನೂ ಬದಲಿಸಿದ ಮೇಲೆ ಅಲೆ ಹೋಗದಿದ್ದರೆ ಲೇತಿನ ಹೆಡ್‌ಸ್ಟಾಕ್ ಬಿಚ್ಚುವ ಕಾಲ ಬಂದಿದೆ ಎಂದೇ ಅರ್ಥ. ಒಳಗೆ ಬೇರಿಂಗ್ ಸವೆದಿದೆ.

ಕೆಂಗೇರಿಯಲ್ಲಿ ಕೂತು ಮರ ಕಡೆಯುವವರಿಗೆ ಇದು ಬೇಗ ಗೊತ್ತಾಗಬೇಕು. ಮೈಸೂರು ಕಡೆಯ ಮೆಮು ರೈಲು ಹತ್ತಿದರೆ ಬಿಡದಿ, ರಾಮನಗರ ದಾಟಿ ಚನ್ನಪಟ್ಟಣ. ನಮ್ಮ ಸೀಮೆಯ ಮರಗಡೆತದ ಪಾಠಶಾಲೆ ಅದೇ. ಜಪಾನಿನ ಬೊಂಬೆ ತಯಾರಿಕೆಯ ತಂತ್ರವನ್ನು ಇಲ್ಲಿಗೆ ತಂದವರೆಂದು ಆ ಊರು ಬಾವಾಸ್ ಮಿಯಾನ್ ಅವರನ್ನು ನೆನೆಯುತ್ತದೆ. ಅಲ್ಲಿ ಬಣ್ಣವನ್ನು ಬ್ರಷ್ಷಿನಿಂದ ಬಳಿಯುವುದಿಲ್ಲ. ತಿರುಗುತ್ತಿರುವ ಆಲೆಮರದ ತುಂಡಿಗೆ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಿದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಕೇದಗೆಯ ಒಣಗರಿ ಹಿಡಿದು ಹೊಳಪು ತರಿಸುತ್ತಾರೆ. ಶಾಫ್ಟ್ ಕೂದಲೆಳೆಯಷ್ಟು ಅದುರಿದರೂ ಕಡ್ಡಿ ಒಂದು ಕಡೆ ಗಟ್ಟಿಯಾಗಿ ಒತ್ತಿ ಇನ್ನೊಂದು ಕಡೆ ಜಿಗಿಯುತ್ತದೆ. ಕಾವು ಸಮವಾಗದಿದ್ದರೆ ಬಣ್ಣವೂ ಸಮವಾಗುವುದಿಲ್ಲ. ಬಟ್ಟಲು ಕಡೆದು ಉಪ್ಪುಕಾಗದ ಹಿಡಿದು ಎಣ್ಣೆ ಹಚ್ಚುವವರ ಕಣ್ಣಿಗೆ ಬೀಳದ ದೋಷ ಅರಗಿನ ಕೆಲಸದಲ್ಲಿ ಬಚ್ಚಿಟ್ಟುಕೊಳ್ಳಲಾರದು.

ಸವೆತಕ್ಕೂ ಈ ಪದ್ಧತಿಗೂ ಇನ್ನೊಂದು ನಂಟಿದೆ. ಸಣ್ಣ ಆಟಿಕೆಗೆ ಮರದ ತುಂಡನ್ನು ಕೊಳವೆಯಂಥ ಚಕ್ಕಿನೊಳಗೆ ಸುತ್ತಿಗೆಯಿಂದ ಬಡಿದು ಕೂರಿಸುತ್ತೇವೆ. ಪ್ರತಿ ಏಟೂ ಶಾಫ್ಟಿನ ಉದ್ದಕ್ಕೆ ಸಾಗಿ ಬೇರಿಂಗಿನ ಗುಂಡುಗಳಿಗೆ ತಾಗುತ್ತದೆ. ಗುಂಡು ಓಡುವ ಹಾದಿಯಲ್ಲಿ ಸಣ್ಣ ಸಣ್ಣ ತಗ್ಗು ಬೀಳುತ್ತವೆ. ಹೀಗೆ ಬಳಸುವ ಲೇತಿನಲ್ಲಿ ಚಕ್ಕಿನ ಕಡೆಯ ಬೇರಿಂಗ್ ಮೊದಲು ಸೋಲುವುದು ಅದಕ್ಕೇ. ಇದರ ಜೊತೆಗೆ ನುಣ್ಣನೆಯ ಮರದ ಪುಡಿ ಒಳಸೇರಿ ಗ್ರೀಸನ್ನು ಹೀರುತ್ತದೆ.

ಪರೀಕ್ಷೆ ಸುಲಭ. ಕರೆಂಟಿನ ಪ್ಲಗ್ ಕಿತ್ತು, ಬೆಲ್ಟ್ ತೆಗೆದು, ಶಾಫ್ಟನ್ನು ಬೆರಳಿನಿಂದ ನಿಧಾನಕ್ಕೆ ತಿರುಗಿಸಿ. ತಗ್ಗು ಬಿದ್ದಿದ್ದರೆ ಎಲ್ಲೋ ಒಂದು ಕಡೆ ತಡೆದು ತಡೆದು ಸಾಗುವುದು ಬೆರಳಿಗೇ ತಿಳಿಯುತ್ತದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಹೆಡ್‌ಸ್ಟಾಕಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಕೇಳಿದರೆ ಗರಗರ ಸದ್ದು ಸ್ಪಷ್ಟ. ಆಮೇಲೆ ಡಯಲ್ ಗೇಜ್ ಇಟ್ಟು ಶಾಫ್ಟನ್ನು ಮೇಲೆ ಕೆಳಗೆ ಎತ್ತಿ ನೋಡಿ, ಪ್ಲೇ ಎಷ್ಟಿದೆ ಎಂಬುದು ಅಂಕಿಯಲ್ಲೇ ಕಾಣುತ್ತದೆ.

ಹಳೆಯ ಬೇರಿಂಗಿನ ಅಂಚಿನಲ್ಲಿ ಕೊರೆದ ನಂಬರೇ ಅದರ ಜಾತಕ. 6205 ಎಂದಿದ್ದರೆ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿ: ಒಳರಂಧ್ರ 25 ಮಿ.ಮೀ. ಹೊರವ್ಯಾಸ 52, ಅಗಲ 15. ಇದು ಯಾವ ಕಂಪನಿಯದಾದರೂ ಒಂದೇ. ನಂಬರಿನ ಮುಂದೆ ಝಡ್‌ಝಡ್ ಎಂದಿದ್ದರೆ ಎರಡೂ ಬದಿಗೆ ತಗಡಿನ ಮುಚ್ಚಳ, 2ಆರ್‌ಎಸ್ ಎಂದಿದ್ದರೆ ರಬ್ಬರ್ ಸೀಲ್. ಮರದ ಪುಡಿ ಹಾರುವ ಜಾಗಕ್ಕೆ ರಬ್ಬರ್ ಸೀಲಿನದೇ ಬೇಕು ಎಂಬುದು ನನ್ನ ಹಟ. ಕೆಂಗೇರಿಯಿಂದ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ ಕೆ.ಆರ್. ಮಾರುಕಟ್ಟೆಯಲ್ಲಿ ಇಳಿದರೆ ಎಸ್.ಪಿ. ರಸ್ತೆಯ ಅಂಗಡಿಗಳಿಗೆ ನಡೆದೇ ಹೋಗಬಹುದು. ಹಳೆಯ ಬೇರಿಂಗನ್ನೇ ಕೈಯಲ್ಲಿ ಹಿಡಿದು ಹೋಗಿ. ಹೆಸರುವಾಸಿ ಕಂಪನಿಗಳ ಡಬ್ಬಿಯಲ್ಲಿ ನಕಲಿ ಮಾಲೂ ಬರುತ್ತದೆ. ಅಧಿಕೃತ ಮಾರಾಟಗಾರರಲ್ಲಿ ಬಿಲ್ಲಿನ ಸಮೇತ ಕೊಳ್ಳಿ. ಒಂದು ಸವೆದಿದ್ದರೂ ಎರಡನ್ನೂ ಬದಲಿಸಿ. ಇಷ್ಟು ಬಿಚ್ಚಿದ ಮೇಲೆ ಅಲ್ಲಿ ಉಳಿತಾಯ ಮಾಡುವುದು ಸರಿಯಲ್ಲ.

ಕೂರಿಸುವಾಗ ನೆನಪಿಡಬೇಕಾದದ್ದು ಇಷ್ಟೇ: ಒತ್ತಡ ಗುಂಡುಗಳ ಮೂಲಕ ಹಾಯಬಾರದು. ಶಾಫ್ಟಿಗೆ ಏರಿಸುವಾಗ ಒಳಬಳೆಯನ್ನು ಮಾತ್ರ ಒತ್ತಿ, ಹೆಡ್‌ಸ್ಟಾಕಿನ ಗೂಡಿಗೆ ಇಳಿಸುವಾಗ ಹೊರಬಳೆಯನ್ನು ಮಾತ್ರ. ಅಳತೆಗೆ ಸರಿಹೊಂದುವ ಪೈಪಿನ ತುಂಡು ಸಾಕು. ಹೊಸ ಬೇರಿಂಗನ್ನು ಸುತ್ತಿಗೆಯಿಂದ ನೇರ ಬಡಿದು ಕೂರಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಓಡುವ ಮೊದಲೇ ಅದರೊಳಗೆ ತಗ್ಗು ಬಿದ್ದಿರುತ್ತದೆ. ಬಿಗಿಯಾಗಿದ್ದರೆ ಬಿಸಿ ಮಾಡಿ. 50 ಡಿಗ್ರಿ ಕಾವು ಏರಿದರೆ 25 ಮಿ.ಮೀ. ರಂಧ್ರ ಸುಮಾರು 0.015 ಮಿ.ಮೀ. ಹಿಗ್ಗುತ್ತದೆ. ಸಾಮಾನ್ಯವಾಗಿ ಬೇಕಾದದ್ದೂ ಅಷ್ಟೇ. ಸೀಲ್ ಇರುವುದನ್ನು ಎಣ್ಣೆಯಲ್ಲಿ ಅದ್ದಬೇಡಿ, 80 ಡಿಗ್ರಿ ದಾಟಿಸಲೂ ಬೇಡಿ.

ಇಷ್ಟಾದರೂ ಸದ್ದು ಉಳಿದರೆ ಸ್ಟ್ಯಾಂಡ್ ನೋಡಿ, ಬುಡ ಕದಲಿದರೂ ಬೇರಿಂಗ್ ಕೆಡುತ್ತದೆ. ಬೇರಿಂಗ್ ತಯಾರಿಸುವ ಎಸ್‌ಕೆಎಫ್ ಕಂಪನಿಯನ್ನು 1907ರಲ್ಲಿ ಹುಟ್ಟುಹಾಕಲು ಕಾರಣರಾದ ಸ್ವೆನ್ ವಿಂಗ್‌ಕ್ವಿಸ್ಟ್ ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಬಟ್ಟೆ ಗಿರಣಿಯ ಎಂಜಿನಿಯರ್. ಜೇಡಿ ನೆಲದಲ್ಲಿ ಕಟ್ಟಡ ಕದಲಿ ಶಾಫ್ಟುಗಳು ಸಾಲು ತಪ್ಪುತ್ತಿದ್ದವು, ಬೇರಿಂಗುಗಳು ಕೆಡುತ್ತಿದ್ದವು. ಆ ಕಾಟ ತಪ್ಪಿಸಲೆಂದೇ ಅವರು ತಾನೇ ಸಾಲಿಗೆ ಹೊಂದಿಕೊಳ್ಳುವ ಬೇರಿಂಗ್ ರೂಪಿಸಿದರು. ನಮ್ಮ 6205ಕ್ಕೆ ಆ ಗುಣವಿಲ್ಲ. ಮಳೆಗಾಲದಲ್ಲಿ ಮರದ ಸ್ಟ್ಯಾಂಡ್ ತಿರುಚಿ, ಅದರ ಮೇಲೆ ಬೋಲ್ಟ್ ಬಿಗಿದ ಲೇತಿನ ಬೆಡ್ಡೂ ಎಳೆದುಕೊಂಡರೆ ಹೆಡ್‌ಸ್ಟಾಕಿನ ಎರಡು ಬೇರಿಂಗುಗಳ ನಡುವೆ ಎಳೆದಾಟ ಶುರುವಾಗಬಹುದು. ಬೋಲ್ಟ್ ಸಡಿಲಿಸಿ, ಕಾಲಿನಡಿ ತಗಡಿನ ತುಂಡಿಟ್ಟು ಮಟ್ಟ ಮಾಡಿ ಮತ್ತೆ ಬಿಗಿಯಿರಿ.

ಮೊದಲ ಅರ್ಧ ಗಂಟೆ ಮರ ಹಾಕದೆ ಕಡಿಮೆ ವೇಗದಲ್ಲಿ ಓಡಿಸಿ, ನಿಲ್ಲಿಸಿ, ಹೆಡ್‌ಸ್ಟಾಕಿನ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಟ್ಟರೆ ಬೆಲ್ಟ್ ವಿಪರೀತ ಬಿಗಿಯಾಗಿದೆಯೇ ನೋಡಿ. ಬದಲಿಸಿದ ತಿಂಗಳು, ಬೇರಿಂಗಿನ ನಂಬರು ಎರಡನ್ನೂ ಹೆಡ್‌ಸ್ಟಾಕಿನ ಮುಚ್ಚಳದ ಒಳಮೈಗೆ ಪೇಂಟಿನಲ್ಲಿ ಬರೆದಿಡಿ, ಮುಂದೆ ಬಿಚ್ಚುವವರಿಗೆ ಬೇಕಾಗುತ್ತದೆ.